ಲೆಪರ್ಡ್ ಗೆಕ್ಕೊಗೆ ಹೊಸ ಮನೆ: ಎಕ್ಸೊ ಟೆರಾ 90×45×45 ಗಾಜಿನ ಟೆರೇರಿಯಂ ವಿಮರ್ಶೆ

ಇಂಗ್ಲೆಂಡಿನ ನಮ್ಮ ಮನೆಯಲ್ಲಿ ‘ಚುಕ್ಕಿ’ ಎಂಬ ಲೆಪರ್ಡ್ ಗೆಕ್ಕೊ, ಅಂದರೆ ಸಾಕುವ ಹಲ್ಲಿಯ ಒಂದು ಜಾತಿ, ವಾಸವಾಗಿರುವುದು ಎಕ್ಸೊ ಟೆರಾ ಹೆಸರಿನಲ್ಲಿ ಬರುವ 90×45×45 ಸೆಂಟಿಮೀಟರ್ ಅಳತೆಯ ಗಾಜಿನ ಟೆರೇರಿಯಂ ಎಂಬ ಪೆಟ್ಟಿಗೆಯಲ್ಲಿ. ಇಂತಹ ಟೆರೇರಿಯಂಗಳನ್ನು ಕುರಿತ ವಿಮರ್ಶೆಗಳು ಹೆಚ್ಚಾಗಿ ಗಾಜಿನ ಹೊಳಪು, ಕೋಣೆಗೆ ಅದು ತರುವ ಅಂದ, ಜೋಡಣೆಯ ಸುಲಭ ಇವುಗಳನ್ನು ಹೇಳಿ ಮುಗಿಯುತ್ತವೆ. ಮೊದಲ ಬಾರಿಗೆ ಈ ಪ್ರಾಣಿಯನ್ನು ಮನೆಗೆ ತರುವವರು ಕೇಳಬೇಕಾದ ಪ್ರಶ್ನೆ ಬೇರೆಯದು. ಅಪರಿಚಿತ ಜಾಗಕ್ಕೆ ಬಂದ ಪುಟ್ಟ ಜೀವವೊಂದು ಮೊದಲ ಕೆಲವು ವಾರಗಳಲ್ಲಿ ಭಯ ಬಿಟ್ಟು, ಮೈ ಬೆಚ್ಚಗೆ ಮಾಡಿಕೊಂಡು, ಆಹಾರ ತಿಂದು, ತೊಂದರೆಯಿಲ್ಲದೆ ಪೊರೆ ಕಳಚಿ ನೆಲೆಗೊಳ್ಳಲು ಈ ಪೆಟ್ಟಿಗೆ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದೇ ಆ ಪ್ರಶ್ನೆ. ಬಾಗಿಲು, ತಳ ಮತ್ತು ನೆಲದ ವಿಸ್ತಾರದಲ್ಲಿ ಈ ಟೆರೇರಿಯಂ ಬಹಳ ಒಳ್ಳೆಯದು. ಆದರೆ ಹೊಸ ಗೆಕ್ಕೊಗೆ ಎಲ್ಲಕ್ಕಿಂತ ಮುಖ್ಯವಾದ ಎರಡು ಸಂಗತಿಗಳನ್ನು, ಅಂದರೆ ಮರೆಯನ್ನೂ ಶಾಖವನ್ನೂ, ಕೊಂಡವರೇ ಒದಗಿಸಬೇಕಾಗುತ್ತದೆ. ಅದಕ್ಕೆ ತಗಲುವ ಹಣವನ್ನೂ ಸಮಯವನ್ನೂ ಲೆಕ್ಕಕ್ಕೆ ಹಿಡಿಯದೆ ಬರೀ ಗಾಜಿನ ಪೆಟ್ಟಿಗೆಯ ಬೆಲೆ ನೋಡಿ ನಿರ್ಧರಿಸುವುದು ಸರಿಯಲ್ಲ.

ಈ ಪ್ರಾಣಿಯ ಸ್ವಭಾವವನ್ನು ಮೊದಲು ತಿಳಿದುಕೊಂಡರೆ ಮುಂದಿನ ಮಾತುಗಳು ಸ್ಪಷ್ಟವಾಗುತ್ತವೆ. ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್ ಎಂಬ ವೈಜ್ಞಾನಿಕ ಹೆಸರಿನ, 1854ರಲ್ಲಿ ಎಡ್ವರ್ಡ್ ಬ್ಲೈತ್ ಮೊದಲು ವಿವರಿಸಿದ ಈ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ, ಕಲ್ಲುಗಾಡು ಪ್ರದೇಶಗಳದ್ದು. ನಮ್ಮ ಊರಿನ ಗೋಡೆಗಳ ಮೇಲೆ ಓಡಾಡುವ ಮನೆಹಲ್ಲಿಗೂ ಇದಕ್ಕೂ ದೂರದ ನೆಂಟಸ್ತಿಕೆ ಇದ್ದರೂ ಬದುಕುವ ರೀತಿ ಬೇರೆ. ಮನೆಹಲ್ಲಿಗೆ ರೆಪ್ಪೆಗಳಿಲ್ಲ, ಇದಕ್ಕೆ ಕಣ್ಣು ಮುಚ್ಚಿ ತೆರೆಯುವ ರೆಪ್ಪೆಗಳಿವೆ. ಮನೆಹಲ್ಲಿಯ ಪಾದಗಳು ಗೋಡೆಗೆ ಅಂಟಿಕೊಳ್ಳುತ್ತವೆ, ಇದರ ಬೆರಳುಗಳಲ್ಲಿ ಆ ಸೌಲಭ್ಯವಿಲ್ಲದೆ ಚಿಕ್ಕ ಉಗುರುಗಳಷ್ಟೇ ಇರುವುದರಿಂದ ನುಣುಪಾದ ಗಾಜನ್ನು ಇದು ಹತ್ತಲಾರದು. ಹಗಲೆಲ್ಲ ಕಲ್ಲಿನ ಸಂದುಗಳಲ್ಲಿ ಅಡಗಿದ್ದು ಮುಸ್ಸಂಜೆಯಲ್ಲಿ ಹೊರಬಂದು ನೆಲದ ಮೇಲೆ ಬೇಟೆಯಾಡುವುದು ಇದರ ದಿನಚರಿ. ಬೆಳೆದ ಗೆಕ್ಕೊ ಸುಮಾರು 20 ಸೆಂಟಿಮೀಟರ್ ಉದ್ದವಿರುತ್ತದೆ ಮತ್ತು ಒಳ್ಳೆಯ ಆರೈಕೆಯಲ್ಲಿ 15 ರಿಂದ 20 ವರ್ಷ ಬದುಕುತ್ತದೆ. ಆದುದರಿಂದ ಪೆಟ್ಟಿಗೆಯ ಆಯ್ಕೆ ಒಂದೆರಡು ವರ್ಷದ ಮಾತಲ್ಲ.

ಈ ಟೆರೇರಿಯಂನ ಅತ್ಯುತ್ತಮ ಅಂಶ ಅದರ ಮುಂಬಾಗಿಲುಗಳು. ಎದುರಿನ ಗಾಜು ಎರಡು ಕದಗಳಾಗಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ ಮತ್ತು ಒಂದು ಕದವನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬಹುದು. ಇದು ಬರೀ ನಮ್ಮ ಅನುಕೂಲದ ವಿಷಯವೆಂದು ತೋರಬಹುದು, ಆದರೆ ಇದರ ನಿಜವಾದ ಪ್ರಯೋಜನ ಗೆಕ್ಕೊಗೆ. ನೆಲದ ಮೇಲೆ ಬದುಕುವ ಚಿಕ್ಕ ಪ್ರಾಣಿಗೆ ಅಪಾಯ ಬರುವುದು ಹೆಚ್ಚಾಗಿ ಮೇಲಿನಿಂದ. ಹಕ್ಕಿಯೋ ನರಿಯೋ ಎರಗುವುದು ತಲೆಯ ಮೇಲೆ ಬಿದ್ದ ನೆರಳಾಗಿ. ಮೇಲಿನ ಮುಚ್ಚಳ ತೆಗೆದು ಕೈ ಇಳಿಸುವ ಅಕ್ವೇರಿಯಂ ಮಾದರಿಯ ತೊಟ್ಟಿಗಳಲ್ಲಿ, ನೀರು ಬದಲಿಸುವಂತಹ ಸಣ್ಣ ಕೆಲಸ ಕೂಡ ಪ್ರತಿದಿನ ಆ ಹಳೆಯ ಭಯವನ್ನು ಎಬ್ಬಿಸುತ್ತದೆ. ಮುಂಬಾಗಿಲಿನಿಂದ ಕೈ ನೆಲದ ಮಟ್ಟದಲ್ಲಿ, ನಿಧಾನವಾಗಿ, ಪ್ರಾಣಿಗೆ ಕಾಣುವಂತೆ ಒಳಗೆ ಬರುತ್ತದೆ. ಚುಕ್ಕಿ ಬಂದ ಹೊಸದರಲ್ಲಿ ನಾವು ಎಡಗಡೆಯ ಕದವನ್ನಷ್ಟೇ ತೆರೆದು ನೀರಿನ ಬಟ್ಟಲು ಬದಲಿಸುತ್ತಿದ್ದೆವು ಮತ್ತು ಅದರ ಬೆಚ್ಚನೆಯ ಅಡಗುತಾಣವಿದ್ದ ಬಲಗಡೆಯ ಕದವನ್ನು ಮುಟ್ಟುತ್ತಲೇ ಇರಲಿಲ್ಲ. ಅರ್ಧ ಮನೆ ಸದಾ ನಿಶ್ಶಬ್ದವಾಗಿ ಉಳಿಯುವ ಈ ವ್ಯವಸ್ಥೆ ಹೊಸ ಗೆಕ್ಕೊಗೆ ಕೊಡುವ ಭದ್ರತೆ ದೊಡ್ಡದು. ಕದಗಳಿಗೆ ಬೀಗದ ವ್ಯವಸ್ಥೆಯೂ ಇರುವುದರಿಂದ ಚಿಕ್ಕ ಮಕ್ಕಳಿರುವ ಮನೆಗಳಿಗೆ ಇದು ಇನ್ನೂ ಸೂಕ್ತ.

ಅಳತೆಯ ಬಗ್ಗೆ ಸಾಕುವವರಲ್ಲಿ ಒಂದು ಹಳೆಯ ವಾದವಿದೆ: ಮರಿ ಗೆಕ್ಕೊವನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರೆ ಅದು ಹೆದರಿ ಊಟ ಬಿಡುತ್ತದೆ, ಆದ್ದರಿಂದ ಮೊದಲು ಚಿಕ್ಕದನ್ನೇ ಕೊಳ್ಳಬೇಕು ಎಂಬುದು. ಗೆಕ್ಕೊವನ್ನು ಹೆದರಿಸುವುದು ವಿಸ್ತಾರವಲ್ಲ, ಬಯಲು ಎಂಬುದು ನನ್ನ ದೃಢವಾದ ಅಭಿಪ್ರಾಯ. 90 ಸೆಂಟಿಮೀಟರ್ ಉದ್ದದ ನೆಲದಲ್ಲಿ ಒಂದು ಬಟ್ಟಲು ಮತ್ತು ಒಂದು ಅಡಗುತಾಣ ಮಾತ್ರ ಇದ್ದರೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಅದು ಮರೆಯೇ ಇಲ್ಲದ ಜಾಗವನ್ನು ದಾಟಬೇಕು. ದಾಟಲು ಅಂಜಿ ತಣ್ಣನೆಯ ಮೂಲೆಯಲ್ಲಿ ಉಳಿದುಬಿಡುತ್ತದೆ, ಮೈ ಬೆಚ್ಚಗಾಗದೆ ಜೀರ್ಣಶಕ್ತಿ ಕುಂದುತ್ತದೆ, ಹಸಿವು ಹೋಗುತ್ತದೆ. ಅದೇ ನೆಲದಲ್ಲಿ ಕಾರ್ಕ್ ತೊಗಟೆಯ ಅರೆಗೊಳವೆಗಳು, ಚಪ್ಪಟೆ ಕಲ್ಲುಗಳು, ಕೃತಕ ಎಲೆಗಳ ಬಳ್ಳಿ ಇವುಗಳನ್ನು ದಾರಿಯುದ್ದಕ್ಕೂ ಜೋಡಿಸಿದರೆ, ಮರೆಯಿಂದ ಮರೆಗೆ ಸಾಗುತ್ತಾ ಇಡೀ ಮನೆಯನ್ನು ಬಳಸಲು ಅದು ಕೆಲವೇ ದಿನಗಳಲ್ಲಿ ಕಲಿಯುತ್ತದೆ. ಉದ್ದ ಹೆಚ್ಚಿದ್ದಾಗ ಮಾತ್ರ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಎಂಬ ವ್ಯತ್ಯಾಸವನ್ನು ಸರಿಯಾಗಿ ಸಾಧಿಸಲು ಸಾಧ್ಯ. 45×45 ಸೆಂಟಿಮೀಟರ್ ನೆಲದ ಚಿಕ್ಕ ಮಾದರಿಯಲ್ಲಿ ಬಿಸಿ ತುದಿಯ ಶಾಖ ತಂಪು ತುದಿಗೂ ಹರಡಿಬಿಡುತ್ತದೆ. ಆದ್ದರಿಂದ ಎರಡು ಬಾರಿ ಹಣ ಹಾಕುವ ಬದಲು ಆರಂಭದಲ್ಲಿಯೇ 90 ಸೆಂಟಿಮೀಟರಿನದನ್ನು ಕೊಂಡು ಅದನ್ನು ಚೆನ್ನಾಗಿ ತುಂಬುವುದು ಒಳ್ಳೆಯದು. ಕಲ್ಲುಗಳನ್ನು ಮಾತ್ರ ಮಣ್ಣಿನ ಮೇಲೆ ಇಡದೆ ನೇರವಾಗಿ ಪೆಟ್ಟಿಗೆಯ ತಳದ ಮೇಲೆಯೇ ಕೂರಿಸಿ ಆಮೇಲೆ ಸುತ್ತಲೂ ಮಣ್ಣು ತುಂಬಬೇಕು, ಏಕೆಂದರೆ ಈ ಪ್ರಾಣಿ ಮಣ್ಣು ತೋಡುತ್ತದೆ ಮತ್ತು ಬುಡ ತೋಡಿದ ಕಲ್ಲು ಅದರ ಮೇಲೆಯೇ ಕುಸಿಯಬಹುದು.

ನಾಲ್ಕೂ ಬದಿ ಪಾರದರ್ಶಕವಾಗಿರುವುದು ನೋಡುವವರಿಗೆ ಹಿತ, ಒಳಗಿರುವ ಜೀವಕ್ಕೆ ಅಲ್ಲ. ಪೆಟ್ಟಿಗೆಯ ಜೊತೆ ಬರುವ, ಬಂಡೆಯಂತೆ ಕಾಣುವ ಫೋಮ್ ಹಿನ್ನೆಲೆ ಹಿಂಬದಿಯನ್ನು ಮುಚ್ಚುತ್ತದೆ. ಎರಡು ಪಕ್ಕಗಳಿಗೆ ನಾವು ಹೊರಗಿನಿಂದ ಕಂದು ಬಣ್ಣದ ದಪ್ಪ ಕಾಗದವನ್ನು ಅಂಟಿಸಿದೆವು. ಮೊದಲ ವಾರ ಮುಂಭಾಗಕ್ಕೂ ಅರ್ಧದವರೆಗೆ ತೆಳುವಾದ ಬಟ್ಟೆ ಇಳಿಬಿಟ್ಟಿದ್ದೆವು. ಗೆಕ್ಕೊ ಗಾಜಿಗೆ ಮೈಯೊತ್ತಿ ಮುಂಗಾಲುಗಳಿಂದ ಕೆರೆಯುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರೆ ಅದು ಆಟವಲ್ಲ, ಕಳವಳದ ಲಕ್ಷಣ. ಶಾಖದಲ್ಲಿ ಏರುಪೇರು ಇದೆಯೇ, ಅಡಗಲು ಸಾಕಷ್ಟು ಜಾಗವಿದೆಯೇ, ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಾಣುತ್ತಿದೆಯೇ ಎಂದು ನೋಡಬೇಕು. ಫೋಮ್ ಹಿನ್ನೆಲೆಯ ಅಂಚುಗಳಿಗೆ ಅಕ್ವೇರಿಯಂಗೆ ಬಳಸುವ ಸಿಲಿಕೋನ್ ಹಾಕಿ ಒಣಗಿಸುವುದು ಉತ್ತಮ, ಇಲ್ಲವಾದರೆ ಆಹಾರಕ್ಕೆ ಬಿಟ್ಟ ಕ್ರಿಕೆಟ್ ಹುಳುಗಳು ಅದರ ಹಿಂದೆ ಸೇರಿಕೊಳ್ಳುತ್ತವೆ.

ಇನ್ನು ಶಾಖದ ವಿಷಯ. ಈ ಪೆಟ್ಟಿಗೆಯನ್ನು ಕೊಳ್ಳುವವರು ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ. ಮೇಲ್ಭಾಗ ಪೂರ್ತಿ ಲೋಹದ ಜಾಲರಿಯದು. ಗಾಳಿಯಾಡಲು, ಮೇಲಿನಿಂದ ದೀಪ ಇಡಲು ಅದು ಅನುಕೂಲ, ಆದರೆ ಬಿಸಿ ಗಾಳಿ ಮೇಲೇರಿ ಅದರ ಮೂಲಕವೇ ಹೊರಹೋಗುತ್ತದೆ. ಬೆಂಗಳೂರಿನಂತಹ ಹವೆಯಲ್ಲಿ ಇದು ದೊಡ್ಡ ಮಾತಲ್ಲ. ರಾತ್ರಿ ಹೀಟಿಂಗ್ ಆರಿಸಿ ಮಲಗುವ ಇಲ್ಲಿನ ಮನೆಗಳಲ್ಲಿ ಚಳಿಗಾಲದ ಬೆಳಗಿನ ಜಾವ ಕೋಣೆ ಸಾಕಷ್ಟು ತಣ್ಣಗಾಗುತ್ತದೆ, ಪೆಟ್ಟಿಗೆಯೂ ಅದರ ಜೊತೆಗೇ ತಣ್ಣಗಾಗುತ್ತದೆ. ವಿವೇರಿಯಂ ಎಂದು ಕರೆಯುವ ಮರದ ಪೆಟ್ಟಿಗೆಗಳು ಶಾಖವನ್ನು ಇದಕ್ಕಿಂತ ಚೆನ್ನಾಗಿ ಹಿಡಿದಿಡುತ್ತವೆ ಎಂಬುದು ನಿಜ, ಬಹಳ ತಣ್ಣನೆಯ ಮನೆಯಾದರೆ ನಾನು ಅದನ್ನೇ ಸೂಚಿಸುತ್ತೇನೆ. ನಾವು ಜಾಲರಿಯ ಸುಮಾರು ಅರ್ಧಭಾಗವನ್ನು, ದೀಪಗಳಿಂದ ದೂರವಿರುವ ಕಡೆ, ಶಾಖ ತಡೆಯುವ ಹಲಗೆಯಿಂದ ಮುಚ್ಚಿದ್ದೇವೆ.

ಹೊಸ ಗೆಕ್ಕೊ ಊಟ ಮಾಡುವುದೂ ಮಾಡದಿರುವುದೂ ಬಹುಮಟ್ಟಿಗೆ ಈ ಶಾಖವನ್ನೇ ಅವಲಂಬಿಸಿದೆ. ಅದರ ದೇಹ ತನ್ನ ಬಿಸಿಯನ್ನು ತಾನೇ ಉಂಟುಮಾಡಿಕೊಳ್ಳುವುದಿಲ್ಲ. ತಿಂದ ಹುಳು ಜೀರ್ಣವಾಗಲು ಹೊಟ್ಟೆಯ ಭಾಗ ಬೆಚ್ಚಗಿರಬೇಕು. ಬಿಸಿ ತುದಿಯ ಕಲ್ಲಿನ ಮೇಲ್ಮೈ 32 ರಿಂದ 34 ಡಿಗ್ರಿ ಸೆಲ್ಸಿಯಸ್, ಆ ಬದಿಯ ಅಡಗುತಾಣದ ಒಳಗೆ ಸುಮಾರು 31 ಡಿಗ್ರಿ, ತಂಪು ತುದಿ 22 ರಿಂದ 26 ಡಿಗ್ರಿಯ ನಡುವೆ ಇರುವುದು ಒಳ್ಳೆಯದು. ರಾತ್ರಿ ಸ್ವಲ್ಪ ಇಳಿಯುವುದು ಸಹಜ, ಅಪೇಕ್ಷಣೀಯ ಕೂಡ. ಇದಕ್ಕೆ ಎರಡು ದಾರಿಗಳಿವೆ. ಟೆರೇರಿಯಂನ ತಳ ನೆಲದಿಂದ ತುಸು ಎತ್ತರದಲ್ಲಿರುವಂತೆ ಚೌಕಟ್ಟು ಮಾಡಿರುವುದರಿಂದ ಹೀಟ್ ಮ್ಯಾಟನ್ನು, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ತೆಳು ಹಾಸನ್ನು, ಕೆಳಗೆ ಅಂಟಿಸಬಹುದು, ಇದು ಬಹಳ ಉಪಯುಕ್ತವಾದ ವಿನ್ಯಾಸ. ಆದರೆ ಮೇಲೆ ದಪ್ಪನೆಯ ಮಣ್ಣು ಹಾಕಿದರೆ ಮ್ಯಾಟಿನ ಶಾಖ ಮೇಲಕ್ಕೆ ಬರದೆ ಗಾಜಿನ ಬಳಿಯೇ ಶೇಖರವಾಗುತ್ತದೆ. ಎರಡನೆಯದು ಜಾಲರಿಯ ಮೇಲೆ ಹ್ಯಾಲೊಜನ್ ದೀಪ ಇಟ್ಟು, ಅದರ ಕೆಳಗೆ ಚಪ್ಪಡಿ ಕಲ್ಲನ್ನು ಕಾಯಿಸುವುದು. ನಾನು ಎರಡನೆಯದನ್ನೇ ಆರಿಸಿದೆ. ಬಿಸಿಲಿಗೆ ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಬೆಚ್ಚಗಿರುವಂತೆ, ಸಂಜೆ ದೀಪ ಆರಿದ ಮೇಲೆಯೂ ಈ ಕಲ್ಲು ಬಹಳ ಹೊತ್ತು ಶಾಖ ಬಿಡುತ್ತದೆ, ಚುಕ್ಕಿ ಹೊರಬಂದು ಹೊಟ್ಟೆಯನ್ನು ಅದಕ್ಕೆ ಒತ್ತಿ ಮಲಗುವುದು ಆ ಹೊತ್ತಿನಲ್ಲಿಯೇ.

ಯಾವ ದಾರಿ ಹಿಡಿದರೂ ಶಾಖವನ್ನು ನಿಗದಿತ ಮಟ್ಟದಲ್ಲಿ ಹಿಡಿದಿಡುವ ಥರ್ಮೋಸ್ಟಾಟ್ ಇಲ್ಲದೆ ವಿದ್ಯುತ್ ಕೊಡಬಾರದು, ಈ ಮಾತಿನಲ್ಲಿ ರಾಜಿಯಿಲ್ಲ. ಹೀಟ್ ಮ್ಯಾಟಿಗೆ ಸಾಧಾರಣ ಆನ್-ಆಫ್ ಮಾದರಿ ಸಾಕು. ಹ್ಯಾಲೊಜನ್ ದೀಪಕ್ಕೆ ಬೆಳಕನ್ನು ಕ್ರಮವಾಗಿ ಏರಿಳಿಸುವ ಡಿಮ್ಮಿಂಗ್ ಮಾದರಿಯೇ ಬೇಕು, ಇಲ್ಲವಾದರೆ ದೀಪ ಪದೇ ಪದೇ ಹತ್ತಿ ಆರುತ್ತಾ ಹೊಸ ಪ್ರಾಣಿಯನ್ನು ಬೆಚ್ಚಿಬೀಳಿಸುತ್ತದೆ. ನಾವು ಬಳಸುತ್ತಿರುವ ಹ್ಯಾಬಿಸ್ಟಾಟ್ ಡಿಮ್ಮಿಂಗ್ ಥರ್ಮೋಸ್ಟಾಟ್ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ. ಅದರ ತಂತಿಯನ್ನು ಒಳಗೆ ತರಲು ಟೆರೇರಿಯಂನ ಹಿಂಭಾಗದಲ್ಲಿ ತೆರೆದು ಮುಚ್ಚುವ ಕಿಂಡಿಗಳಿರುವುದು ಇನ್ನೊಂದು ಅನುಕೂಲ. ತಂತಿಯ ತುದಿಯ ಸಂವೇದಕವನ್ನು ಬಿಸಿ ಕಲ್ಲಿನ ಬಳಿ ಅಲುಗಾಡದಂತೆ ಬಿಗಿಯಬೇಕು. ಗೆಕ್ಕೊ ಅದನ್ನು ಎಳೆದು ತಂಪು ಕಡೆಗೆ ತಳ್ಳಿಬಿಟ್ಟರೆ ಥರ್ಮೋಸ್ಟಾಟ್ ಶಾಖ ಸಾಲದೆಂದು ತಿಳಿದು ದೀಪವನ್ನು ಪೂರ್ಣ ಉರಿಸುತ್ತಲೇ ಇರುತ್ತದೆ. ಗಾಜಿಗೆ ಅಂಟಿಸುವ ಗುಂಡನೆಯ ಅಗ್ಗದ ಉಷ್ಣಮಾಪಕಗಳನ್ನು ನಂಬಬೇಡಿ, ಅವು ತೋರಿಸುವುದು ಗಾಜಿನ ಬಳಿಯ ಗಾಳಿಯ ಬಿಸಿಯನ್ನು, ಗೆಕ್ಕೊ ಮಲಗುವ ಕಲ್ಲಿನದನ್ನಲ್ಲ. ಮೇಲ್ಮೈಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಒಂದನ್ನು ಇಟ್ಟುಕೊಳ್ಳಿ. ರಾತ್ರಿಗೆ ಕೆಂಪು ಅಥವಾ ನೀಲಿ ದೀಪ ಬೇಡವೇ ಬೇಡ. ಕೋಣೆ 18 ಡಿಗ್ರಿಗಿಂತ ಕೆಳಗಿಳಿಯುವುದಾದರೆ ಬೆಳಕು ಬೀರದ ಸೆರಾಮಿಕ್ ಹೀಟರನ್ನು ಅದಕ್ಕೆ ತಕ್ಕ ಥರ್ಮೋಸ್ಟಾಟ್ ಜೊತೆ ಅಳವಡಿಸಬಹುದು. ಇವೆಲ್ಲವನ್ನೂ ಪ್ರಾಣಿ ಬರುವ ಮೊದಲೇ ಜೋಡಿಸಿ, ಹಗಲು ರಾತ್ರಿ ಅಳೆದು, ಅಂಕಿಗಳು ಸ್ಥಿರವಾದ ಮೇಲೆಯೇ ಅದನ್ನು ತರುವುದು ಸರಿಯಾದ ಕ್ರಮ. ಇಂಗ್ಲೆಂಡಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕುವವರ ಮೇಲೆ ಹೊರಿಸುವ ಹೊಣೆಗಳಲ್ಲಿ ಸೂಕ್ತ ಪರಿಸರವನ್ನು ಒದಗಿಸುವುದೂ ಒಂದು.

ನೇರಳಾತೀತ ಬೆಳಕಿಗೆ ಆರ್ಕೇಡಿಯಾದ ಶೇಡ್‌ಡ್ವೆಲ್ಲರ್ ಎಂಬ 7 ಶೇಕಡಾ ಯುವಿಬಿ (ನೇರಳಾತೀತ ಕಿರಣಗಳ ಒಂದು ಬಗೆ) ದೀಪವನ್ನು ಬಳಸಿದ್ದೇವೆ, ಮುಸ್ಸಂಜೆಯ ಪ್ರಾಣಿಗೆ ಈ ಸೌಮ್ಯ ಪ್ರಮಾಣವೇ ಸಾಕು. ಆಲ್ಬಿನೊ, ಅಂದರೆ ಮೈಬಣ್ಣ ಕುಂದಿದ ಬಗೆಯ ಗೆಕ್ಕೊಗಳ ಕಣ್ಣು ಬೆಳಕನ್ನು ಸಹಿಸುವುದು ಕಡಿಮೆಯಾದ್ದರಿಂದ ಅವುಗಳಿಗೆ ಇನ್ನೂ ಎಚ್ಚರ ಬೇಕು.

ಅಡಗುತಾಣಗಳು ಕನಿಷ್ಠ ಮೂರು ಇರಬೇಕು: ಬಿಸಿ ಬದಿಯಲ್ಲಿ ಒಂದು, ತಂಪು ಬದಿಯಲ್ಲಿ ಒಂದು, ನಡುವೆ ತೇವದ್ದೊಂದು. ಮೊದಲೆರಡಕ್ಕೆ ದುಬಾರಿ ವಸ್ತುಗಳು ಬೇಕಿಲ್ಲ. ಬೆನ್ನೂ ಪಕ್ಕೆಗಳೂ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿ, ಒಂದೇ ಚಿಕ್ಕ ಬಾಯಿಯಿದ್ದು, ಒಳಗೆ ಕತ್ತಲಿದ್ದರೆ ಆಯಿತು. ತೇವದ ಅಡಗುತಾಣಕ್ಕೆ ನಾವು ಎಕ್ಸೊ ಟೆರಾ ಸಂಸ್ಥೆಯದೇ ಗೆಕ್ಕೊ ಕೇವ್ ತಂದೆವು. ಅದರ ಮೇಲ್ಭಾಗ ಬೇರೆಯಾಗಿ ಎತ್ತಲು ಬರುವುದರಿಂದ ಒಳಗಿನ ಪಾಚಿಯನ್ನು ಬದಲಿಸುವುದು ಸುಲಭ. ಸ್ಫ್ಯಾಗ್ನಂ ಪಾಚಿಯನ್ನು ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿ ತುಂಬಬೇಕು, ನೀರು ನಿಲ್ಲಬಾರದು. ಒಟ್ಟು ಪೆಟ್ಟಿಗೆಯ ತೇವಾಂಶ 30 ರಿಂದ 40 ಶೇಕಡಾ ಇರುವ ಒಣ ಹವೆಯಲ್ಲಿ ಪೊರೆ ಕಳಚುವಾಗ ಗೆಕ್ಕೊಗೆ ಒದಗುವ ಆಸರೆ ಇದೊಂದೇ. ಪೊರೆ ಬರುವ ಮೊದಲು ಅದರ ಮೈ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಆಮೇಲೆ ಕಳಚಿದ ಪೊರೆಯನ್ನು ಅದೇ ತಿಂದುಬಿಡುವುದರಿಂದ ಬಹಳ ಸಲ ನಮಗೆ ಏನೂ ಕಾಣುವುದಿಲ್ಲ. ಆಗ ಮರೆಯದೆ ನೋಡಬೇಕಾದದ್ದು ಬೆರಳುಗಳನ್ನು. ಬೆರಳಿನ ಸುತ್ತ ಉಳಿದ ಪೊರೆ ಒಣಗಿ ಬಿಗಿದು ರಕ್ತದ ಓಡಾಟ ನಿಂತರೆ ಬೆರಳೇ ಉದುರಿಹೋಗುತ್ತದೆ. ಹೊಸ ಜಾಗದಲ್ಲಿ ಚುಕ್ಕಿಯ ಮೊದಲ ಪೊರೆ ತೊಂದರೆಯಿಲ್ಲದೆ ಕಳಚಿ, ಇಪ್ಪತ್ತು ಬೆರಳುಗಳೂ ಸ್ವಚ್ಛವಾಗಿ ಕಂಡಾಗ ನನಗಾದ ಸಮಾಧಾನ ಹೇಳತೀರದು.

ನೆಲಹಾಸಿನ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಮೊದಲ ಕೆಲವು ವಾರ ಕಿಚನ್ ಪೇಪರ್ ಹಾಸುವುದೇ ಸರಿ. ಅಂದವಿಲ್ಲ ನಿಜ, ಆದರೆ ಹಿಕ್ಕೆ ಹೇಗಿದೆ, ಹುಳು ಜೀರ್ಣವಾಗಿದೆಯೇ, ತಿಂದದ್ದನ್ನು ಕಾರಿಕೊಂಡಿದೆಯೇ ಎಂಬುದೆಲ್ಲ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಈ ಗೆಕ್ಕೊಗಳು ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮಲ ವಿಸರ್ಜಿಸುವುದರಿಂದ ಮಾದರಿ ತೆಗೆದು ಪಶುವೈದ್ಯರಿಗೆ ಕೊಡುವುದೂ ಸುಲಭ, ಪರಾವಲಂಬಿಗಳ ಪರೀಕ್ಷೆಯನ್ನು ಆರಂಭದಲ್ಲಿಯೇ ಮಾಡಿಸುವುದು ಒಳ್ಳೆಯದು. ಪ್ರಾಣಿ ಆರೋಗ್ಯವಾಗಿದೆ ಎಂದು ಖಚಿತವಾದ ಮೇಲೆ ಮಣ್ಣು ಮತ್ತು ಮರಳಿನ ಮಿಶ್ರಣವನ್ನು ಹಾಕಬಹುದು. ಕ್ಯಾಲ್ಸಿಯಂ ಮರಳು ಎಂದು ಮಾರುವ ಬಣ್ಣದ ಪುಡಿಯನ್ನು ಮಾತ್ರ ತರಬೇಡಿ, ನೆಕ್ಕಿ ನುಂಗಿದರೆ ಅದು ಕರುಳಿನಲ್ಲಿ ಗಟ್ಟಿಯಾಗುವ ಅಪಾಯವಿದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಗೆಕ್ಕೊ ಮನೆಗೆ ಬಂದ ದಿನ ಮಾಡಬೇಕಾದ ಕೆಲಸ ಬಹಳ ಕಡಿಮೆ. ತಂದ ಡಬ್ಬಿಯನ್ನು ಒಳಗಿಟ್ಟು ಮುಚ್ಚಳ ತೆಗೆದು ಬಾಗಿಲು ಮುಚ್ಚಿ, ಅದು ತಾನಾಗಿ ಹೊರಬರಲು ಬಿಡಬೇಕು. ಒಂದೆರಡು ವಾರ ಕೈಯಲ್ಲಿ ಹಿಡಿಯಬಾರದು. ನಮ್ಮ ಮಗಳಿಗೆ ಇದು ಕಷ್ಟದ ಪರೀಕ್ಷೆಯಾಗಿತ್ತು, ಆದರೂ ಅವಳು ದಿನವೂ ಸಂಜೆ ಪೆಟ್ಟಿಗೆಯ ಮುಂದೆ ಕೂತು ಸಣ್ಣ ದನಿಯಲ್ಲಿ ಕಥೆ ಓದುತ್ತಾ ತನ್ನ ಇರವನ್ನು ಅದಕ್ಕೆ ಪರಿಚಯಿಸಿದಳು. ‘ಚುಕ್ಕಿ’ ಎಂದು ಅವಳು ಹೆಸರಿಟ್ಟಾಗ ಅದರ ಮೈಮೇಲೆ ಮರಿಗಳಿಗಿರುವ ಅಗಲವಾದ ಪಟ್ಟೆಗಳೇ ಹೆಚ್ಚಾಗಿದ್ದವು, ಬೆಳೆದಂತೆ ಅವು ಒಡೆದು ಚುಕ್ಕಿಗಳಾದವು. ಆಹಾರವನ್ನು ಮೂರು ನಾಲ್ಕು ದಿನ ಕಳೆದ ಮೇಲೆ, ಮುಸ್ಸಂಜೆಯಲ್ಲಿ, ಒಂದೆರಡು ಚಿಕ್ಕ ಮಿಡತೆಗಳಿಂದ ಆರಂಭಿಸಿದರೆ ಸಾಕು. ಹುಳುವಿನ ಗಾತ್ರ ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲವಾಗಿರಬಾರದು, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿರಬೇಕು, ತಿನ್ನದೆ ಉಳಿದ ಹುಳುಗಳನ್ನು ರಾತ್ರಿ ಹೊರತೆಗೆಯಬೇಕು. ಉಳಿದ ಕ್ರಿಕೆಟ್ ಹುಳುಗಳು ಮಲಗಿದ ಗೆಕ್ಕೊವನ್ನೇ ಕಚ್ಚುತ್ತವೆ.

ಹೊಸ ಜಾಗದಲ್ಲಿ ವಾರದವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಅದು ತಿನ್ನದಿದ್ದರೆ ಗಾಬರಿಯಾಗಬೇಕಿಲ್ಲ, ಆರೋಗ್ಯವಂತ ಗೆಕ್ಕೊದ ದಪ್ಪನೆಯ ಬಾಲದಲ್ಲಿ ಕೊಬ್ಬಿನ ಶೇಖರಣೆ ಇರುತ್ತದೆ. ಆದರೆ ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿಯ ಸಮೇತ ತೂಗಿ ಬರೆದಿಡಿ. ತೂಕ ಹತ್ತನೇ ಒಂದು ಭಾಗದಷ್ಟು ಇಳಿದರೆ, ಬಾಲ ಸಣಕಲಾಗುತ್ತಾ ಬಂದರೆ ಅಥವಾ ಹಿಕ್ಕೆ ನೀರಾದರೆ ಕಾಯದೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಹೋಗಬೇಕು. ಬಾಲವನ್ನು ಮೇಲೆತ್ತಿ ನಿಧಾನವಾಗಿ ಅತ್ತಿತ್ತ ಆಡಿಸಿದರೆ ಅದು ಹೆದರಿ ಎಚ್ಚರಿಸುತ್ತಿದೆ ಎಂದು ತಿಳಿದು ಕೈ ಹಿಂದೆಗೆಯಿರಿ. ಬಾಲದ ತುದಿಯನ್ನಷ್ಟೇ ವೇಗವಾಗಿ ನಡುಗಿಸುತ್ತಾ ಹುಳುವಿನ ಕಡೆ ಸಾಗಿದರೆ ಅದು ಬೇಟೆಯ ಉತ್ಸಾಹ. ಬಾಲ ಹಿಡಿದು ಎತ್ತುವುದಂತೂ ಎಂದಿಗೂ ಕೂಡದು, ಅದು ಕಳಚಿಬೀಳುತ್ತದೆ ಮತ್ತು ಮತ್ತೆ ಬೆಳೆದ ಬಾಲ ಮೊದಲಿನ ಆಕಾರದಲ್ಲಿರುವುದಿಲ್ಲ. ಪೆಟ್ಟಿಗೆಯೊಳಗೆ ಏನನ್ನೇ ಮುಟ್ಟಿದರೂ ಸರೀಸೃಪಗಳಿಂದ ಹರಡಬಲ್ಲ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಕಾರಣದಿಂದ ಸಾಬೂನಿನಿಂದ ಕೈ ತೊಳೆಯಬೇಕು, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟಾಗಿರಲಿ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತು: ಇಲ್ಲಿ ಹೇಳಿದ್ದೆಲ್ಲ ಇಂಗ್ಲೆಂಡಿನ ಸ್ಥಿತಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 2022ರ ತಿದ್ದುಪಡಿಯನ್ನು ತಿಳಿದುಕೊಳ್ಳದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಯಾವ ಸರೀಸೃಪವನ್ನೂ ಮನೆಗೆ ತರಬೇಡಿ, ಕಾಡಿನಿಂದ ಹಿಡಿದದ್ದನ್ನಂತೂ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಹೊಸ ಪೆಟ್ಟಿಗೆಯ ಬೆಲೆ ಹೆಚ್ಚೆನಿಸಿದವರು ಬಳಸಿದ್ದನ್ನು ಕೊಳ್ಳಲು ಹಿಂಜರಿಯಬೇಕಿಲ್ಲ, ಗಾಜಿನ ಟೆರೇರಿಯಂಗೆ ಆಯುಷ್ಯ ದೀರ್ಘ. ಕೊಳ್ಳುವಾಗ ಕದಗಳ ತಿರುಗಣೆ ಸಡಿಲವಾಗಿದೆಯೇ, ಜಾಲರಿ ಎಲ್ಲಾದರೂ ಹರಿದಿದೆಯೇ, ಬೀಗದ ಕೀಲಿ ಇದೆಯೇ, ತಳದ ಮೂಲೆಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ. ಫೋಮ್ ಹಿನ್ನೆಲೆ ಮತ್ತು ಮರದ ಸಾಮಾನುಗಳನ್ನು ಹಿಂದಿನ ಮಾಲೀಕರಿಂದ ತೆಗೆದುಕೊಳ್ಳಬೇಡಿ. ಅಲ್ಲಿದ್ದ ಪ್ರಾಣಿಗೆ ಕ್ರಿಪ್ಟೊಸ್ಪೊರಿಡಿಯಂನಂತಹ ಸೋಂಕು ಇದ್ದಿದ್ದರೆ ಅದರ ರೋಗಾಣು ಸಾಮಾನ್ಯ ಸೋಂಕುನಿವಾರಕಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದ್ದರಿಂದ ಹಿಂದಿನ ಪ್ರಾಣಿ ಏನಾಯಿತು ಎಂದು ನೇರವಾಗಿ ಕೇಳಿ, ಉತ್ತರ ತೃಪ್ತಿಕರವಾಗಿರದಿದ್ದರೆ ಆ ಪೆಟ್ಟಿಗೆಯನ್ನು ಬಿಟ್ಟು ಬೇರೆಯದನ್ನು ಹುಡುಕಿ.